ಗ್ಯಾದರಿಂಗ್‌ಗೆ ನಾಟಕ: ಮಾತು ಆಮೇಲೆ ಕಲಿಸಿದರಾಯ್ತು

ಡಿಸೆಂಬರ್ ಬಂತೆಂದರೆ ಗದಗ, ಧಾರವಾಡ, ಹಾವೇರಿ ಕಡೆಯ ಶಾಲೆಗಳಲ್ಲಿ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವದ ಗಡಿಬಿಡಿ. ನಾಲ್ಕು ಡಾನ್ಸ್ ಪಕ್ಕಾ ಆದಮೇಲೆ ಹೆಡ್‌ಮಾಸ್ತರರು ಹೇಳುತ್ತಾರೆ, ‘ಒಂದ್ ನಾಟಕಾನೂ ಇರ್ಲಿರಿ ಅಕ್ಕೋರ.’

ಈ ಮಾತು ಮೊದಲ ಸಲ ನನ್ನ ಪಾಲಿಗೆ ಬಂದಾಗ ಎಂಟು ಪುಟದ ನಾಟಕ ಬರೆದು, ಜೆರಾಕ್ಸ್ ಮಾಡಿಸಿ ನಾಲ್ಕನೇ ಇಯತ್ತೆ ಮಕ್ಕಳ ಕೈಗೆ ಕೊಟ್ಟಿದ್ದೆ. ಎಲ್ಲರೂ ಬಾಯಿಪಾಠ ಮಾಡಿದರು. ಗ್ಯಾದರಿಂಗ್ ದಿನ ಮಂತ್ರಿ ತನ್ನ ಮಾತು ಮರೆತ. ರಾಜ ತನ್ನ ಮಾತಿನ ಜೊತೆ ಮಂತ್ರಿಯದನ್ನೂ, ಸೇನಾಪತಿಯದನ್ನೂ ಒಬ್ಬನೇ ಗಡಗಡ ಹೇಳಿ ಮುಗಿಸಿಬಿಟ್ಟ. ಜನ ಚಪ್ಪಾಳೆ ಹೊಡೆದರು. ನನಗೆ ಆ ಮಂತ್ರಿಯ ಮುಖ ನೋಡಲಾಗಲಿಲ್ಲ.

ಅಲ್ಲಿಂದ ಸಣ್ಣ ಮಕ್ಕಳ ಕೈಗೆ ಹಾಳೆ ಕೊಡುವುದನ್ನೇ ಬಿಟ್ಟೆ. ಮೊದಲು ಆಟ, ಆಮೇಲೆ ಕಥೆ, ಕಡೆಗೆ ಮಾತು. ದಿನಕ್ಕೆ ಅರ್ಧ ತಾಸಿನಂತೆ ನಾಲ್ಕು ವಾರ ಸಾಕು.

ಮೊದಲ ವಾರ ನಾಟಕದ ಸುದ್ದಿಯೇ ಬೇಡ. ಅಂಗಳಕ್ಕೆ ಕರೆದುಕೊಂಡು ಹೋಗಿ ಸುಮ್ನೆ ನಡೆಸಿ. ‘ಬೆನ್ನ ಮೇಲೆ ಬ್ಯಾಡಗಿ ಮೆಣಸಿನಕಾಯಿ ಚೀಲ ಐತಿ’ ಅನ್ನಿ. ಸ್ವಲ್ಪ ಹೊತ್ತು ಬಿಟ್ಟು ‘ಘಾಟು ಬಂತು’ ಅನ್ನಿ. ಇಪ್ಪತ್ತು ಮಕ್ಕಳು ಇಪ್ಪತ್ತು ನಮೂನೆ ಸೀನುತ್ತಾರೆ. ನಡುವೆ ‘ಕಲ್ಲು’ ಎಂದು ಕೂಗಿದರೆ ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ವೇದಿಕೆ ಮೇಲೆ ಸುಮ್ಮನೆ ನಿಲ್ಲುವುದೇ ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟ. ಈ ಆಟದಲ್ಲಿ ಅದು ತಾನಾಗಿಯೇ ರೂಢಿಯಾಗುತ್ತದೆ.

ಎರಡನೇ ವಾರ ಕಥೆ. ಅದನ್ನು ದೂರ ಹುಡುಕಬೇಡಿ. ನಾವು ಗುರ್ಜಿ ಆಡಿದ್ದೆವು. ಮಳೆ ಬಾರದಿದ್ದಾಗ ನಮ್ಮ ಹಳ್ಳಿಗಳಲ್ಲಿ ಒಬ್ಬ ಹುಡುಗನ ತಲೆ ಮೇಲೆ ರೊಟ್ಟಿ ಹಂಚು ಇಟ್ಟು, ಅದರ ಮೇಲೆ ಗುರ್ಜಿ ಎನ್ನುವ ಸೆಗಣಿಯ ಮೂರ್ತಿ ಕೂರಿಸಿ, ಗರಿಕೆ ಸಿಕ್ಕಿಸಿ ಮನೆಮನೆಗೆ ಹೋಗುತ್ತಾರಲ್ಲ, ಅದೇ. ಮನೆಯವರು ನೀರು ಸುರಿದರೆ ಹುಡುಗ ಗಿರಗಿರ ತಿರುಗಬೇಕು. ನಡಿಗೆ, ಹಾಡು, ಕುಣಿತ ಎಲ್ಲ ಅದರಲ್ಲೇ ಇದೆ, ಅಲ್ವಾ? ನಾನು ಸೇರಿಸಿದ್ದು ಒಂದೇ ಗಂಟು: ಒಂದು ಮನೆಯ ಅಜ್ಜಿ ಹತ್ತಿರ ಇರುವುದೇ ಒಂದು ಕೊಡ ನೀರು. ಆಕೆ ಏನು ಮಾಡುತ್ತಾಳೆ?

ಉತ್ತರ ನೀವು ಹೇಳಬೇಡಿ. ನಮ್ಮಲ್ಲಿ ಒಬ್ಬಳು, ‘ಅಜ್ಜಿ ಅಳ್ತಾಳ್ರಿ, ಕಣ್ಣೀರು ಗುರ್ಜಿ ಮ್ಯಾಲೆ ಬೀಳ್ತಾವು’ ಅಂದಳು. ಪಕ್ಕದವನು ಒಪ್ಪಲಿಲ್ಲ. ‘ಅಷ್ಟ ನೀರಿಗೆ ಗುರ್ಜಿ ತಿರಗಂಗಿಲ್ಲ.’ ಜಗಳ ಒಂದು ಪೀರಿಯಡ್ ನಡೆಯಿತು. ಕಡೆಗೆ ಅಜ್ಜಿ ಅರ್ಧ ತಂಬಿಗೆ ಹಾಕುತ್ತಾಳೆ, ಹುಡುಗ ಅರ್ಧ ಸುತ್ತು ತಿರುಗುತ್ತಾನೆ ಎಂದು ರಾಜಿಯಾಯಿತು. ಇನ್ನೊಬ್ಬ ರೈತರ ಮನೆ ಹುಡುಗ, ‘ಈಗ ಮಳಿ ಆದ್ರ ಕಡ್ಲಿ ಹಾಳಾಗ್ತದರಿ’ ಎಂದು ತಕರಾರು ತೆಗೆದ. ಅದನ್ನೂ ಸೇರಿಸಿಕೊಂಡೆವು.

ಮೂರನೇ ವಾರ ಮಾತು. ಮಕ್ಕಳು ಆಡುತ್ತಾ ಹೋಗಲಿ, ನೀವು ಬರೆದುಕೊಳ್ಳಿ. ‘ಕೊಡಂಗಿಲ್ಲ’ ಅಂದರೆ ‘ಕೊಡುವುದಿಲ್ಲ’ ಎಂದು ತಿದ್ದಬೇಡಿ, ತಿದ್ದಿದ ಕೂಡಲೇ ದನಿ ಸಣ್ಣದಾಗುತ್ತದೆ. ಒಂದು ಮಾತು ಒಂದು ಉಸಿರಿಗಿಂತ ಉದ್ದ ಬೇಡ. ಮುಂದೆ ಏನಾಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿದ್ದರೆ ಸಾಕು. ಯಾರಾದರೂ ತಡವರಿಸಿದರೆ ಎದುರಿನವರು ‘ಯಾಕ ಸುಮ್ನ ನಿಂತಿ?’ ಎಂದು ಕೇಳಬಹುದು. ಆಗ ಅದೇ ನಾಟಕದ ಮಾತಾಗುತ್ತದೆ.

ನಾಚುವ ಮಕ್ಕಳನ್ನು ಗಿಡ ಮಾಡಿ ಮೂಲೆಗೆ ನಿಲ್ಲಿಸುವ ಪದ್ಧತಿ ನನಗೆ ಸೇರುವುದಿಲ್ಲ. ಅವರಿಗೆ ಮಳೆ ಕೊಡಿ. ಎಡಗೈ ಅಂಗೈ ಮೇಲೆ ಮೊದಲು ಒಂದು ಬೆರಳು ಬಡಿಯಬೇಕು. ಆಮೇಲೆ ಎರಡು, ಮೂರು, ಪೂರ್ತಿ ಕೈ. ಮುಂದೆ ತೊಡೆ ಬಡಿತ, ಕಡೆಗೆ ಕಾಲು. ಹತ್ತು ಮಕ್ಕಳು ಒಟ್ಟಿಗೆ ಮಾಡಿದರೆ ತಗಡಿನ ಮೇಲೆ ಮಳೆ ಬಿದ್ದ ಹಾಗೆಯೇ ಕೇಳುತ್ತದೆ. ಅದನ್ನೇ ತಿರುಗಾಮುರುಗಾ ಮಾಡಿದರೆ ಮಳೆ ನಿಲ್ಲುತ್ತದೆ. ನಮ್ಮ ನಾಟಕದಲ್ಲಿ ಈ ಮಕ್ಕಳು ಕಪ್ಪತಗುಡ್ಡದ ಮೋಡಗಳು.

ಕೊನೆಯ ವಾರ ತಾಲೀಮು. ಪಾರ್ಟು ಅದಲುಬದಲು ಮಾಡಿಸಿ, ಅಂದು ಯಾರಿಗಾದರೂ ಜ್ವರ ಬಂದರೆ ಚಿಂತೆ ಇರುವುದಿಲ್ಲ. ನೆಲಕ್ಕೆ ಜಮಖಾನ ಹಾಸಿ, ಅದರ ಮೇಲೆ ಕಾಲಿಟ್ಟರೆ ನಾಟಕ ಶುರು, ಇಳಿದರೆ ಮುಗಿಯಿತು ಎಂದು ಹೇಳಿಡಿ. ಪರದೆಗೆ ಒಂದು ಕೌದಿಯನ್ನು ಇಬ್ಬರು ಹಿಡಿದರೆ ಆಯ್ತು. ಬಣ್ಣ, ಬಾಡಿಗೆ ಡ್ರೆಸ್ ಬೇಡವೇ ಬೇಡ. ಅಜ್ಜಿಗೊಂದು ಸೀರೆ, ಉಳಿದವರಿಗೆ ಮನೆಯ ಬಟ್ಟೆ. ಕೈಯಲ್ಲಿ ಹಿಡಿಯುವ ಮೈಕ್ ಅಂತೂ ಹತ್ತಿರ ಸೇರಿಸಬೇಡಿ. ಎಲ್ಲರೂ ಅದರ ಹಿಂದೆಯೇ ಓಡುತ್ತಾರೆ.

ಹೆಸರಾಂತ ರಂಗನಟ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಇದ್ದದ್ದು ಗದಗಿನಲ್ಲೇ. ಕಂಪನಿ ನಾಟಕಕ್ಕೆ ರಾತ್ರಿಯೆಲ್ಲ ಕೂತ ಜನ ನಮ್ಮವರು. ಆದರೂ ಮಕ್ಕಳ ನಾಟಕ 15 ನಿಮಿಷ ದಾಟಬಾರದು. ಗ್ಯಾದರಿಂಗ್‌ಗೆ ಎರಡು ದಿನ ಮೊದಲು ಒಂದನೇ ಇಯತ್ತೆ ಮಕ್ಕಳ ಮುಂದೆ ಆಡಿಸಿ ನೋಡಿ. ಅವರು ಎಲ್ಲಿ ‘ಸರ, ನೀರ ಕುಡ್ದ ಬರ್ಲಿ’ ಎಂದು ಏಳುತ್ತಾರೋ ಅಲ್ಲಿ ಕತ್ತರಿ ಹಾಕಿ.

ಹಾಂ, ಗುರ್ಜಿ ಹೊತ್ತವನಿಗೆ ನಿಜವಾದ ನೀರನ್ನೇ ಸುರಿಯುವುದಾದರೆ ಸ್ವಲ್ಪ ಬಿಸಿನೀರು ಬೆರೆಸಿಡಿ, ಸಂಜೆ ಚಳಿ ಇರುತ್ತದೆ. ಮೈಕಿನ ವೈರು ದೂರ ಇರಲಿ. ಅವನಿಗೊಂದು ಟವೆಲ್, ಇನ್ನೊಂದು ಜೊತೆ ಬಟ್ಟೆ ತರಲು ಹಿಂದಿನ ದಿನವೇ ಅವನ ಅವ್ವನಿಗೆ ಹೇಳಿಬಿಡಿ.