‘ಪರವಾಗಿಲ್ಲ’ ಅನ್ನಬೇಡಿ: ಇಂಗ್ಲೆಂಡಿನಲ್ಲಿ ಮನಸ್ಸಿನ ಗಾಯಕ್ಕೆ ಥೆರಪಿ

ಎರಡು ವರ್ಷದ ಹಿಂದೆ ಮೋಟರ್‌ವೇಯಲ್ಲಿ ಲಾರಿಯೊಂದು ನಮ್ಮ ಕಾರಿಗೆ ಹಿಂದಿನಿಂದ ಗುದ್ದಿತು. ಯಾರಿಗೂ ಏನೂ ಆಗಲಿಲ್ಲ. ಊರಿಂದ ಫೋನ್ ಮಾಡಿದ ಅಮ್ಮ, “ದೇವರು ದೊಡ್ಡವನು, ಮರೆತುಬಿಡು ಮಗಾ” ಅಂದರು. ಮರೆತೆ ಅಂದುಕೊಂಡೆ. ಆದರೆ ಮೂರು ತಿಂಗಳಾದರೂ ಒಗ್ಗರಣೆಯ ಸಾಸಿವೆ ಚಟಪಟ ಅಂದರೆ ಸೌಟು ಕೈಯಿಂದ ಜಾರುತ್ತಿತ್ತು. ಹತ್ತು ನಿಮಿಷದ ಮೋಟರ್‌ವೇ ದಾರಿ ಬಿಟ್ಟು ನಲವತ್ತು ನಿಮಿಷ ಒಳರಸ್ತೆಯಲ್ಲಿ ಸುತ್ತುತ್ತಿದ್ದೆ.

ನಡೆದದ್ದು ಕಣ್ಣಮುಂದೆ ಮತ್ತೆ ಮತ್ತೆ ಬರುವುದು, ಕೆಟ್ಟ ಕನಸು, ಆ ಜಾಗ ಅಥವಾ ಮಾತು ಬಂದರೆ ತಪ್ಪಿಸಿಕೊಳ್ಳುವುದು, ಸಣ್ಣ ಸದ್ದಿಗೂ ಬೆಚ್ಚುವುದು. ಇವು ಒಂದು ತಿಂಗಳು ದಾಟಿದರೂ ಹೋಗದಿದ್ದರೆ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಮನಸ್ಸಿಗೆ ಅಂಟುವ ಕಾಯಿಲೆ, ಇರಬಹುದು. ಅಪಘಾತವೇ ಆಗಬೇಕಿಲ್ಲ. ಕಷ್ಟದ ಹೆರಿಗೆ, ಮನೆಯೊಳಗಿನ ಹೊಡೆತ, ಚಿಕ್ಕಂದಿನಲ್ಲಿ ಆದ ದೌರ್ಜನ್ಯ, ಯಾವುದರಿಂದಲೂ ಬರಬಹುದು.

ಇಂಗ್ಲೆಂಡಿನಲ್ಲಿ ಇದಕ್ಕೆ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಟಾಕಿಂಗ್ ಥೆರಪೀಸ್ ಅಂತ ಸೇವೆ ಇದೆ. 2008ರಲ್ಲಿ ಬೇರೆ ಹೆಸರಲ್ಲಿ ಶುರುವಾದದ್ದು. ನಮ್ಮವರಿಗೆ ಗೊತ್ತೇ ಇರದ ಸಂಗತಿ ಅಂದರೆ, ಜಿಪಿ, ಅಂದರೆ ಊರಿನ ಫ್ಯಾಮಿಲಿ ಡಾಕ್ಟರ್, ಚೀಟಿ ಬೇಕಾಗಿಲ್ಲ. ಯಾವುದಾದರೂ ಜಿಪಿಯಲ್ಲಿ ಹೆಸರು ನೋಂದಾಯಿಸಿದ್ದರೆ ಸಾಕು, ಎನ್‌ಎಚ್‌ಎಸ್ ವೆಬ್‌ಸೈಟಿನಲ್ಲಿ ನಿಮ್ಮ ಊರಿನ ಸೇವೆ ಹುಡುಕಿ ನೀವೇ ಅರ್ಜಿ ಹಾಕಬಹುದು. ಹಣ ಕೊಡಬೇಕಿಲ್ಲ. ವೀಸಾ ಜೊತೆ ವರ್ಷಕ್ಕೆ 1,035 ಪೌಂಡ್ ಹೆಲ್ತ್ ಸರ್‌ಚಾರ್ಜ್ ಕಟ್ಟಿರುವವರು ಸಂಕೋಚ ಪಡುವುದೇಕೆ! (ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ವ್ಯವಸ್ಥೆ ಬೇರೆ, ಅಲ್ಲಿ ಮೊದಲು ಜಿಪಿಯನ್ನು ಕೇಳಿ.)

ಆಮೇಲೆ ಒಂದು ಅಸೆಸ್‌ಮೆಂಟ್ ಇರುತ್ತದೆ, ಸಾಮಾನ್ಯವಾಗಿ ಫೋನಿನಲ್ಲೇ. ನಾನು ಎಡವಿದ್ದು ಇಲ್ಲೇ. ಕಳೆದ ಎರಡು ವಾರದಲ್ಲಿ ನಿದ್ದೆ ಹೇಗಿತ್ತು, ಮನಸ್ಸು ಹೇಗಿತ್ತು ಅಂತ ಕೇಳಿ, ಪ್ರತಿ ಉತ್ತರಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ ಹಾಕುತ್ತಾರೆ. ಮನೆಗೆ ಬಂದ ನೆಂಟರಿಗೆ ಹೇಳುವ ಹಾಗೆ ನಾನು ಎಲ್ಲಕ್ಕೂ “ಪರವಾಗಿಲ್ಲ, ಚೆನ್ನಾಗಿದೀನಿ” ಅಂದೆ. ಆ ಅಂಕವನ್ನೂ ನಮ್ಮ ಮಾತನ್ನೂ ನೋಡಿ ಅವರು ಚಿಕಿತ್ಸೆ ತೀರ್ಮಾನಿಸುವುದು. ನನಗೆ ಸಿಕ್ಕಿದ್ದು ಒತ್ತಡ ಕಡಿಮೆ ಮಾಡುವ ಆನ್‌ಲೈನ್ ಕೋರ್ಸು. ಮತ್ತೆ ಫೋನ್ ಮಾಡಿ ಸೌಟಿನ ಕತೆ ಹೇಳಿದ ಮೇಲೆ ಸರಿಯಾದ ಸಾಲಿಗೆ ಸೇರಿದೆ. ಹಾಗಾಗಿ ಫೋನಿಗೆ ಮುಂಚೆ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಯಾವ ರಾತ್ರಿ ಎಷ್ಟು ಹೊತ್ತಿಗೆ ಎಚ್ಚರವಾಯಿತು, ಏನು ಮಾಡುವುದನ್ನು ಬಿಟ್ಟಿರಿ.

ಇಂಗ್ಲಿಷಿನಲ್ಲಿ ಅಳು ಬರುವುದಿಲ್ಲ ಅನ್ನುವವರು ದುಭಾಷಿ ಕೇಳಿ, ಅದೂ ಉಚಿತ. ಆದರೆ “ಕನ್ನಡ” ಅಂತ ಒತ್ತಿ ಹೇಳಿ, ಇಲ್ಲದಿದ್ದರೆ ಹಿಂದಿಯವರನ್ನು ಕರೆಸಿಬಿಟ್ಟಾರು. ಗಂಡನನ್ನೋ ಮಗಳನ್ನೋ ದುಭಾಷಿ ಮಾಡಿಕೊಳ್ಳಬೇಡಿ, ಅವರೆದುರು ಎಲ್ಲವನ್ನೂ ಹೇಳಲಾಗುವುದಿಲ್ಲ, ಅಲ್ವಾ?

ಇಲ್ಲಿ ಪಿಟಿಎಸ್‌ಡಿಗೆ ಮುಖ್ಯವಾಗಿ ಎರಡು ಥೆರಪಿ: ಆಘಾತಕ್ಕೆಂದೇ ರೂಪಿಸಿದ ಸಿಬಿಟಿ (ಯೋಚನೆ, ನಡವಳಿಕೆಯನ್ನು ಮಾತಿನ ಮೂಲಕ ಬದಲಿಸುವುದು), ಇನ್ನೊಂದು ಇಎಮ್‌ಡಿಆರ್ (ಕಣ್ಣಾಡಿಸುತ್ತಾ ಆ ನೆನಪನ್ನು ಎದುರಿಸುವುದು). ಸಿಬಿಟಿ ಸಾಮಾನ್ಯವಾಗಿ 8ರಿಂದ 12 ಸೆಷನ್. ನನಗೆ ಇಎಮ್‌ಡಿಆರ್ ಮಾಡಿದರು. ಥೆರಪಿಸ್ಟ್ ಬೆರಳನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಿದ್ದರು, ಕನ್ನಡಿಯಲ್ಲಿ ಕಂಡ ಆ ಲಾರಿಯ ದೀಪಗಳನ್ನು ನೆನೆಯುತ್ತಾ ನಾನು ಬೆರಳನ್ನೇ ನೋಡಬೇಕಿತ್ತು. ಮೊದಲ ದಿನ ದೃಷ್ಟಿ ತೆಗೆದ ಹಾಗಿದೆಯಲ್ಲ ಅಂತ ನಗು ಬಂತು. ಮೂರನೇ ವಾರ ನಿದ್ದೆ ಇನ್ನೂ ಕೆಟ್ಟಿತು, ಇದು ಕೆಲವರಿಗೆ ಆಗುತ್ತದಂತೆ. ಆರನೇ ವಾರದ ಹೊತ್ತಿಗೆ ಆ ದೀಪ ಬರೀ ದೀಪವಾಗಿತ್ತು.

ಸಾಯುವ ಯೋಚನೆ ಬಂದರೆ ಸಾಲಿನಲ್ಲಿ ಕಾಯಬೇಡಿ. ಎನ್‌ಎಚ್‌ಎಸ್‌ನ 111ಕ್ಕೆ ಫೋನ್ ಮಾಡಿ 2 ಒತ್ತಿ; ಜೀವಕ್ಕೆ ಅಪಾಯ ಅನ್ನಿಸಿದರೆ 999. ಸುಮ್ನೆ ಯಾರಾದರೂ ಕೇಳಿಸಿಕೊಂಡರೆ ಸಾಕು ಅನ್ನಿಸಿದಾಗ ಸಮಾರಿಟನ್ಸ್ ಸಹಾಯವಾಣಿ, 116 123.

ಕಾಯಲಾಗದೆ ದುಡ್ಡು ಕೊಟ್ಟು ಖಾಸಗಿಯವರ ಹತ್ತಿರ ಹೋಗುವುದಾದರೆ, ಮೊದಲು ಅವರ ಹೆಸರು ಬಿಎಸಿಪಿ (ಕೌನ್ಸೆಲರ್‌ಗಳ ಸಂಘ) ಅಥವಾ ಎಚ್‌ಸಿಪಿಸಿಯಂಥ (ಸೈಕಾಲಜಿಸ್ಟ್‌ಗಳನ್ನು ನೋಂದಾಯಿಸುವ ಸಂಸ್ಥೆ) ಪಟ್ಟಿಯಲ್ಲಿದೆಯಾ ನೋಡಿ. ಈ ದೇಶದಲ್ಲಿ ಯಾರು ಬೇಕಾದರೂ ಬಾಗಿಲ ಮೇಲೆ ‘ಕೌನ್ಸೆಲರ್’ ಅಂತ ಬೋರ್ಡು ಹಾಕಿಕೊಳ್ಳಬಹುದು.