ಸರದಿ ಬಿಟ್ಟುಕೊಡುವ ಜಾಗ: ಕೊರೂಟೀನ್‌ಗಳ ಜೊತೆ ನನ್ನ ಅನುಭವ

ನಾನು ನೋಡಿಕೊಳ್ಳುತ್ತಿದ್ದ ಪ್ರೋಗ್ರಾಂನ ಕೆಲಸವನ್ನು ಒಂದೇ ವಾಕ್ಯದಲ್ಲಿ ಹೇಳಬಹುದಿತ್ತು. ನೂರಾರು ಅಳತೆ ಉಪಕರಣಗಳಿಗೆ ನೆಟ್‌ವರ್ಕ್ ಮೂಲಕ ಸಂಪರ್ಕ ಸಾಧಿಸಬೇಕು, ಹೆಡರ್ ಓದಬೇಕು, ಅದು ಹೇಳಿದಷ್ಟು ಬೈಟ್‌ಗಳನ್ನು ಓದಬೇಕು, ಚೆಕ್‌ಸಮ್ ತಾಳೆ ನೋಡಿ ಉತ್ತರ ಕಳುಹಿಸಬೇಕು. ಸಿ ಭಾಷೆ, ಲಿನಕ್ಸ್, ಒಂದೇ ಥ್ರೆಡ್ (ಕೆಲಸದ ಒಂದೇ ಎಳೆ), ನಡುವೆ ಒಂದು ಇಪೋಲ್ ಲೂಪ್, ಅಂದರೆ ಯಾವ ಸಂಪರ್ಕದಲ್ಲಿ ದತ್ತಾಂಶ ಬಂದಿದೆ ಎಂದು ಲಿನಕ್ಸ್‌ನ ತಿರುಳಾದ ಕರ್ನಲ್ ಅನ್ನು ಕೇಳುತ್ತಾ ಕಾಯುವ ಸುತ್ತು. ಆದರೆ ಕೋಡ್ ತೆರೆದರೆ ಆ ಒಂದು ವಾಕ್ಯ ಎಲ್ಲಿಯೂ ಕಾಣುತ್ತಿರಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಸ್ಥಿತಿಗಳಿದ್ದ ಒಂದು ದೊಡ್ಡ ಸ್ವಿಚ್, ಅದರ ಸುತ್ತ ಕಾಲ್‌ಬ್ಯಾಕ್‌ಗಳು, ಅಂದರೆ ಏನಾದರೂ ನಡೆದಾಗ ಕರೆಯಲ್ಪಡುವ ಫಂಕ್ಷನ್‌ಗಳು. ಹೆಡರ್‌ನ ಎರಡು ಬೈಟ್ ಈಗ ಬಂದು ಉಳಿದದ್ದು ಆಮೇಲೆ ಬರಬಹುದು. ಹಾಗಾಗಿ ಎಲ್ಲಿಯವರೆಗೆ ಓದಿದ್ದೇವೆ, ಮುಂದೇನು ಮಾಡಬೇಕು ಎಂಬುದನ್ನೆಲ್ಲ ಒಂದು ಸ್ಟ್ರಕ್ಟ್‌ನಲ್ಲಿ ಬರೆದಿಟ್ಟುಕೊಂಡೇ ಹೊರಬರಬೇಕು. ಸಾಮಾನ್ಯ ಫಂಕ್ಷನ್‌ನಲ್ಲಿ ಕಂಪೈಲರ್ ತಾನಾಗಿ ಮಾಡುವ ಈ ಲೆಕ್ಕವನ್ನು ಇಲ್ಲಿ ನಾನೇ ಕೈಯಾರೆ ಇಡುತ್ತಿದ್ದೆ. ಉಪಕರಣಗಳ ಪ್ರೋಟೋಕಾಲ್‌ಗೆ ಒಂದು ಹೊಸ ಹೆಜ್ಜೆ ಸೇರಿದಾಗ ಏಳು ಕಡೆ ತಿದ್ದಬೇಕಾಯಿತು. ಅದನ್ನು ಬದಲಿಸಲೇಬೇಕು ಎಂದು ಅಂದೇ ನಿರ್ಧರಿಸಿದೆ.

ಪ್ರತಿ ಸಂಪರ್ಕಕ್ಕೆ ಒಂದು ಥ್ರೆಡ್ ಕೊಟ್ಟರೆ ಕೋಡ್ ನೇರವಾಗುತ್ತದೆ. ಥ್ರೆಡ್‌ಗೆ ಸಾಮಾನ್ಯವಾಗಿ ಸಿಗುವ 8 ಎಂಬಿ ಸ್ಟ್ಯಾಕ್ (ಫಂಕ್ಷನ್‌ಗಳು ತಮ್ಮ ಸ್ಥಳೀಯ ಲೆಕ್ಕ ಇಡುವ ಜಾಗ) ಎಂಬುದು ಕಾದಿರಿಸಿದ ವಿಳಾಸಗಳು ಮಾತ್ರ. ಮುಟ್ಟುವವರೆಗೆ ಅದಕ್ಕೆ ನಿಜವಾದ ಮೆಮೊರಿ ಹೋಗುವುದಿಲ್ಲ. ಹಾಗಾಗಿ ನನ್ನನ್ನು ತಡೆದದ್ದು ಮೆಮೊರಿಯಲ್ಲ. ಎಲ್ಲ ಸಂಪರ್ಕಗಳೂ ಹಂಚಿಕೊಳ್ಳುವ ಒಂದು ಕೋಷ್ಟಕವಿತ್ತು, ಮತ್ತು ಥ್ರೆಡ್‌ನ ಕೈಯಿಂದ ಕರ್ನಲ್ ಯಾವ ಸಾಲಿನಲ್ಲಿ ಬೇಕಾದರೂ ಸರದಿಯನ್ನು ಕಿತ್ತುಕೊಳ್ಳಬಹುದು. ಹತ್ತು ವರ್ಷ ಹಳೆಯದಾದ, ಲಾಕ್ (ಒಮ್ಮೆಗೆ ಒಬ್ಬರೇ ಮುಟ್ಟುವಂತೆ ತಡೆಯುವ ಬೀಗ) ಎಂಬುದನ್ನೇ ಕಾಣದ ಕೋಡ್‌ಗೆ ಈಗ ಲಾಕ್‌ಗಳನ್ನು ಹೊಲಿಯುವ ಧೈರ್ಯ ನನಗಿರಲಿಲ್ಲ. ನನಗೆ ಬೇಕಾಗಿದ್ದದ್ದು ಥ್ರೆಡ್‌ನಂತೆ ನೇರವಾಗಿ ಓದಿಸಿಕೊಳ್ಳುವ ಕೋಡ್. ಆದರೆ ಸರದಿ ಹೋಗುವುದು ನಾನು ಬಿಟ್ಟುಕೊಟ್ಟಾಗ ಮಾತ್ರ. ಹೀಗೆ ನಡುವೆ ತಾನಾಗಿ ಸರದಿ ಬಿಟ್ಟು, ಆಮೇಲೆ ನಿಂತಲ್ಲಿಂದಲೇ ಮುಂದುವರಿಯುವ ಫಂಕ್ಷನ್ನೇ ಕೊರೂಟೀನ್.

ಈ ಆಸೆ ಹೊಸದೇನಲ್ಲ. ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1963ರಲ್ಲಿ ಕೋಬಾಲ್ ಕಂಪೈಲರ್ ಒಂದರ ರಚನೆಯನ್ನು ವಿವರಿಸುತ್ತಾ ಕೊರೂಟೀನ್‌ಗಳ ಬಗ್ಗೆ ಬರೆದರು. ಪದಗಳನ್ನು ಬಿಡಿಸುವ ಭಾಗವೂ ವಾಕ್ಯಗಳನ್ನು ಗುರುತಿಸುವ ಭಾಗವೂ ತಾನೇ ಮುಖ್ಯ ಪ್ರೋಗ್ರಾಂ ಎಂಬಂತೆ ಬರೆಯಲ್ಪಟ್ಟಿರುತ್ತವೆ. ಯಾರೂ ಯಾರ ಅಧೀನವೂ ಅಲ್ಲ. ನನ್ನ ಒಂದೊಂದು ಸಂಪರ್ಕವನ್ನೂ ಹೀಗೆಯೇ ಬರೆಯಬೇಕಿತ್ತು.

ಮೊದಲು ಲಿನಕ್ಸ್‌ನ ಸಿ ಲೈಬ್ರರಿಯಾದ ಗ್ಲಿಬ್‌ಸಿಯಲ್ಲಿ ಸಿದ್ಧವಿರುವ, ಒಂದು ಸ್ಟ್ಯಾಕ್‌ನಿಂದ ಇನ್ನೊಂದಕ್ಕೆ ಬದಲಾಯಿಸುವ ಮೇಕ್‌ಕಾಂಟೆಕ್ಸ್ಟ್, ಸ್ವಾಪ್‌ಕಾಂಟೆಕ್ಸ್ಟ್ ಫಂಕ್ಷನ್‌ಗಳನ್ನು ಬಳಸಿದೆ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳ ಮಾನಕವಾದ ಪೋಸಿಕ್ಸ್‌ನ 2008ರ ಆವೃತ್ತಿ ಇವನ್ನು ಕೈಬಿಟ್ಟಿದ್ದರೂ ಲಿನಕ್ಸ್‌ನಲ್ಲಿ ಇವು ಕೆಲಸ ಮಾಡುತ್ತವೆ. ಎರಡು ದಿನದಲ್ಲಿ ಮಾದರಿ ಸಿದ್ಧವಾಯಿತು. ಕರ್ನಲ್‌ಗೆ ಹೋಗುವ ಕರೆಗಳನ್ನು ತೋರಿಸುವ ಎಸ್‌ಟ್ರೇಸ್ ಹಾಕಿ ನೋಡಿದರೆ ಪ್ರತಿ ಬದಲಾವಣೆಗೂ ಒಂದು ಸಿಸ್ಟಮ್ ಕಾಲ್ ಹೋಗುತ್ತಿತ್ತು, ಸಿಗ್ನಲ್ ಮಾಸ್ಕ್ (ತಡೆಹಿಡಿದ ಸಿಗ್ನಲ್‌ಗಳ ಪಟ್ಟಿ) ಉಳಿಸಲು. ನನ್ನ ಕೊರೂಟೀನ್‌ಗಳೆಲ್ಲಕ್ಕೂ ಇದ್ದದ್ದು ಒಂದೇ ಮಾಸ್ಕ್, ಆದ್ದರಿಂದ ಅದು ಸಂಪೂರ್ಣ ವ್ಯರ್ಥ. ಅದನ್ನು ಬಿಟ್ಟು ಅಸೆಂಬ್ಲಿಯಲ್ಲಿ ನಾನೇ ಬರೆದೆ. ಎಕ್ಸ್86-64 ಪ್ರೊಸೆಸರ್‌ನಲ್ಲಿ ಕರೆಯಲ್ಪಟ್ಟ ಫಂಕ್ಷನ್ ಕಾಪಾಡಬೇಕಾದ ರಿಜಿಸ್ಟರ್‌ಗಳು (ಪ್ರೊಸೆಸರ್‌ನೊಳಗಿನ ಸಣ್ಣ ಸಂಗ್ರಹ ಜಾಗಗಳು) ಕೆಲವೇ: ಆರ್‌ಬಿಎಕ್ಸ್, ಆರ್‌ಬಿಪಿ, ಆರ್12ರಿಂದ ಆರ್15. ಇವನ್ನು ಹಳೆಯ ಸ್ಟ್ಯಾಕ್‌ಗೆ ತಳ್ಳಿ, ಸ್ಟ್ಯಾಕ್ ಪಾಯಿಂಟರ್ ಬದಲಿಸಿ, ಹೊಸ ಸ್ಟ್ಯಾಕ್‌ನಿಂದ ಅವನ್ನೇ ತೆಗೆದು ಹಿಂತಿರುಗಿದರೆ ಮುಗಿಯಿತು. ಉಳಿದ ರಿಜಿಸ್ಟರ್‌ಗಳನ್ನು ಕರೆಯುವ ಕಡೆಯಲ್ಲೇ ಕಂಪೈಲರ್ ನೋಡಿಕೊಂಡಿರುತ್ತದೆ. ಇಡೀ ಬದಲಾವಣೆ ಒಂದು ಸಾಧಾರಣ ಫಂಕ್ಷನ್ ಕರೆಯಷ್ಟೇ ಹಗುರ ಎಂಬುದು ಆಗ ಮನದಟ್ಟಾಯಿತು.

ಆದರೆ ಹೊಸ ಕೊರೂಟೀನ್ ಮೊದಲ ಸಲ ಹೊರಡುವ ಜಾಗದಲ್ಲಿ ನಾನು ಎಡವಿದೆ. ಎಲ್ಲವೂ ಸರಿಯಾಗಿ ನಡೆಯುತ್ತಿತ್ತು. ಲಾಗ್‌ನಲ್ಲಿ ದಶಮಾಂಶ ಸಂಖ್ಯೆಯೊಂದನ್ನು ಮುದ್ರಿಸಿದ ಕೂಡಲೇ ಪ್ರೋಗ್ರಾಂ ಬೀಳುತ್ತಿತ್ತು. ಪೂರ್ಣಾಂಕ ಮುದ್ರಿಸಿದರೆ ತೊಂದರೆಯಿಲ್ಲ. ಫಂಕ್ಷನ್‌ನ ಬಾಗಿಲಲ್ಲಿ ಸ್ಟ್ಯಾಕ್ ಪಾಯಿಂಟರ್ 16ರ ಗುಣಕಕ್ಕಿಂತ 8 ಬೈಟ್ ಆಚೀಚೆ ಇರಬೇಕು, ಏಕೆಂದರೆ ಕರೆಯುವ ಸೂಚನೆ ಅಷ್ಟರಲ್ಲಿ ಹಿಂತಿರುಗುವ ವಿಳಾಸವನ್ನು ಅಲ್ಲಿ ಇಟ್ಟಿರುತ್ತದೆ. ನಾನು ಕಟ್ಟಿದ ಕೃತಕ ಚೌಕಟ್ಟಿನಲ್ಲಿ ಅದು ಸರಿಯಾಗಿ 16ರ ಗುಣಕದಲ್ಲೇ ಇತ್ತು. ದಶಮಾಂಶ ಬಂದಾಗ ಮುದ್ರಣ ಫಂಕ್ಷನ್ ದಶಮಾಂಶ ಸಂಖ್ಯೆಗಳಿಗೆ ಬಳಸುವ ಎಕ್ಸ್‌ಎಂಎಂ ರಿಜಿಸ್ಟರ್‌ಗಳನ್ನು ಸ್ಟ್ಯಾಕ್‌ನಲ್ಲಿ ಉಳಿಸುತ್ತದೆ, ಅದಕ್ಕೆ ಬಳಸುವ ಸೂಚನೆ ಈ ಹೊಂದಾಣಿಕೆಯನ್ನು ಕಡ್ಡಾಯವಾಗಿ ಕೇಳುತ್ತದೆ. ಎಂಟು ಬೈಟ್ ಸೇರಿಸಿದೆ, ಸರಿಹೋಯಿತು. ಇಂಥದ್ದನ್ನು ಬರೆಯುವವರು ಮೊದಲ ಪರೀಕ್ಷೆಯಲ್ಲೇ ಒಂದು ದಶಮಾಂಶ ಮುದ್ರಿಸಿ ನೋಡಲಿ.

ಸ್ಟ್ಯಾಕ್‌ನ ಗಾತ್ರ ಇನ್ನೊಂದು ಪಾಠ. ಮೊದಲಿಗೆ ಪ್ರತಿ ಕೊರೂಟೀನ್‌ಗೆ, ಮೆಮೊರಿ ಕೊಡುವ ಸಾಮಾನ್ಯ ಫಂಕ್ಷನ್ ಆದ ಮ್ಯಾಲಾಕ್‌ನಿಂದ 16 ಕೆಬಿ ತೆಗೆದುಕೊಟ್ಟಿದ್ದೆ. ಲಾಗ್ ಫಂಕ್ಷನ್‌ನೊಳಗೆ 8 ಕೆಬಿಯ ಒಂದು ಸ್ಥಳೀಯ ಅರೇ ಇತ್ತು, ಅದರ ಕೆಳಗೆ ಇನ್ನಷ್ಟು ಕರೆಗಳು. ಸ್ಟ್ಯಾಕ್ ತುಂಬಿ ಪಕ್ಕದ ಕೊರೂಟೀನ್‌ನ ಮೆಮೊರಿಯನ್ನು ಕೆಡಿಸುತ್ತಿತ್ತು. ತಪ್ಪು ಮಾಡಿದವನು ಆರಾಮವಾಗಿ ಓಡುತ್ತಿದ್ದ, ನೆರೆಯವನು ಅರ್ಧ ಗಂಟೆಯ ನಂತರ ಬೀಳುತ್ತಿದ್ದ. ಮೂರು ದಿನ ತಪ್ಪು ಕಡೆ ಹುಡುಕಿದೆ. ಈಗ ಕರ್ನಲ್‌ನಿಂದ ನೇರವಾಗಿ ಮೆಮೊರಿ ಕೇಳುವ ಎಂಮ್ಯಾಪ್‌ನಿಂದ 64 ಕೆಬಿ ತೆಗೆದುಕೊಂಡು, ತಳದ ಒಂದು ಪುಟವನ್ನು ಯಾರೂ ಮುಟ್ಟದಂತೆ ಎಂಪ್ರೊಟೆಕ್ಟ್‌ನಿಂದ ಮುಚ್ಚಿಡುತ್ತೇನೆ. ದೊಡ್ಡ ಅರೇ ಆ 4096 ಬೈಟ್‌ನ ಕಾವಲು ಪುಟವನ್ನು ಹಾರಿಕೊಂಡು ಹೋಗುವ ಸಾಧ್ಯತೆಯೂ ಇದೆ, ಅದಕ್ಕೆ ಜಿಸಿಸಿ ಕಂಪೈಲರ್‌ನ ಸ್ಟ್ಯಾಕ್ ಕ್ಲ್ಯಾಶ್ ರಕ್ಷಣೆಯನ್ನು ಚಾಲೂ ಮಾಡಿದ್ದೇನೆ.

ಮುಂದಿನ ಸರದಿ ಯಾರದ್ದೆಂದು ನಿರ್ಧರಿಸುವ ಶೆಡ್ಯೂಲರ್ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಸಿದ್ಧವಾಗಿರುವವರ ಒಂದು ಸಾಲು, ಗಡುವುಗಳ ಒಂದು ಹೀಪ್ (ಹತ್ತಿರದ್ದು ಮೊದಲು ಸಿಗುವ ರಚನೆ), ಸಾಲು ಖಾಲಿಯಾದಾಗ ಹತ್ತಿರದ ಗಡುವಿನವರೆಗೆ ಇಪೋಲ್‌ನಲ್ಲಿ ಕಾಯುವುದು. ಓದುವ ಫಂಕ್ಷನ್‌ಗೆ ದತ್ತಾಂಶ ಇನ್ನೂ ಬಂದಿಲ್ಲವೆಂಬ ಉತ್ತರ ಸಿಕ್ಕರೆ ಅದು ತನ್ನ ಹೆಸರನ್ನು ನೋಂದಾಯಿಸಿ ಸರದಿ ಬಿಟ್ಟುಕೊಡುತ್ತದೆ. ದತ್ತಾಂಶ ಬಂದಾಗ ಕೋಡ್‌ನ ಅದೇ ಸಾಲಿನಲ್ಲಿ ಎಚ್ಚರಗೊಳ್ಳುತ್ತದೆ. ಆ ದೊಡ್ಡ ಸ್ವಿಚ್ ಹೋಗಿ ಮೇಲಿಂದ ಕೆಳಗೆ ಓದಬಹುದಾದ ನಲವತ್ತು ಸಾಲಿನ ಫಂಕ್ಷನ್ ಬಂದ ದಿನ ನನಗಾದ ಸಂತೋಷ ಈಗಲೂ ನೆನಪಿದೆ.

ಆಮೇಲೆ ಬಂದದ್ದು ಅಸಲಿ ಸಮಸ್ಯೆ. ಒಂದೇ ಥ್ರೆಡ್, ಲಾಕ್ ಬೇಡ ಎಂದು ನಂಬಿದ್ದೆ. ಒಂದು ಉಪಕರಣಕ್ಕೆ ಒಮ್ಮೊಮ್ಮೆ ಎರಡೆರಡು ಸಂಪರ್ಕಗಳು ಕಾಣಿಸತೊಡಗಿದವು. ಕೋಡ್ ಹೀಗಿತ್ತು: ಕೋಷ್ಟಕದಲ್ಲಿ ಈ ಉಪಕರಣಕ್ಕೆ ಸಂಪರ್ಕ ಇದೆಯೇ ನೋಡು, ಇಲ್ಲದಿದ್ದರೆ ಸಂಪರ್ಕಿಸು, ಸಿಕ್ಕಿದ್ದನ್ನು ಕೋಷ್ಟಕಕ್ಕೆ ಸೇರಿಸು. ನೋಡುವುದಕ್ಕೂ ಸೇರಿಸುವುದಕ್ಕೂ ನಡುವೆ ಸಂಪರ್ಕಿಸುವ ಕೆಲಸವಿದೆ, ಅದು ಸರದಿ ಬಿಟ್ಟುಕೊಡುತ್ತದೆ. ಆ ಬಿಡುವಿನಲ್ಲಿ ಇನ್ನೊಂದು ಕೊರೂಟೀನ್ ಅದೇ ಕೋಷ್ಟಕ ನೋಡಿ, ಇಲ್ಲವೆಂದು ತಿಳಿದು, ತಾನೂ ಸಂಪರ್ಕಿಸುತ್ತದೆ. ಥ್ರೆಡ್‌ಗಳಲ್ಲಿ ಈ ಅಪಾಯ ಪ್ರತಿ ಸಾಲಿನಲ್ಲೂ ಇದೆ ಎಂದು ಗೊತ್ತಿರುವುದರಿಂದ ಎಚ್ಚರವಿರುತ್ತದೆ. ಇಲ್ಲಿ ಅದು ಕೆಲವೇ ಸಾಲುಗಳಲ್ಲಿದೆ, ಮತ್ತು ಆ ಸಾಲುಗಳು ಉಳಿದವುಗಳಂತೆಯೇ ಕಾಣುತ್ತವೆ. ಈಗ ಸಂಪರ್ಕಿಸುವ ಮೊದಲೇ ‘ಸಂಪರ್ಕಿಸಲಾಗುತ್ತಿದೆ’ ಎಂಬ ನಮೂದನ್ನು ಕೋಷ್ಟಕದಲ್ಲಿ ಇಡುತ್ತೇನೆ, ನಂತರ ಬಂದವರು ಅದರ ಮೇಲೆ ಕಾಯುತ್ತಾರೆ.

ಇದಕ್ಕಿಂತ ಕೆಟ್ಟದ್ದು ಅಡಗಿರುವ ಸರದಿ. ಲಾಗ್ ಫಂಕ್ಷನ್ ಮೊದಲು ಬಫರ್‌ಗೆ ಮಾತ್ರ ಬರೆಯುತ್ತಿತ್ತು. ಯಾರೋ ಸದುದ್ದೇಶದಿಂದ, ಬಫರ್ ತುಂಬಿದರೆ ಅದನ್ನು ನೆಟ್‌ವರ್ಕ್‌ಗೆ ಕಳುಹಿಸಿ ಕಾಯುವಂತೆ ತಿದ್ದಿದರು. ಅಂದಿನಿಂದ ಲಾಗ್ ಮಾಡುವ ಪ್ರತಿ ಸಾಲೂ ಸರದಿ ಹೋಗಬಹುದಾದ ಜಾಗವಾಯಿತು. ಕೋಷ್ಟಕದ ಮೇಲೆ ಸುತ್ತುತ್ತಾ ಲಾಗ್ ಮಾಡುತ್ತಿದ್ದ ಒಂದು ಲೂಪ್‌ನಲ್ಲಿ, ಕೈಯಲ್ಲಿ ಹಿಡಿದಿದ್ದ ಪಾಯಿಂಟರ್‌ನ ಕೆಳಗಿದ್ದ ನಮೂದನ್ನು ಇನ್ನೊಂದು ಕೊರೂಟೀನ್ ಅಳಿಸಿಹಾಕಿತು. ಆಗ ನಾನು ಎರಡು ನಿಯಮ ತಂದೆ. ಸರದಿ ಬಿಡಬಹುದಾದ ಪ್ರತಿ ಫಂಕ್ಷನ್‌ನ ಘೋಷಣೆಯಲ್ಲಿ ಒಂದು ಗುರುತು ಇರಲೇಬೇಕು, ಅದನ್ನು ಕರೆಯುವ ಫಂಕ್ಷನ್‌ಗೂ ಆ ಗುರುತು ಅಂಟುತ್ತದೆ; ಕ್ಯೂಎಮು ಎಂಬ ಎಮ್ಯುಲೇಟರ್‌ನ ಕೋಡ್‌ನಲ್ಲೂ ಕೊರೂಟೀನ್ ಫಂಕ್ಷನ್‌ಗಳಿಗೆ ಇಂಥದೇ ಗುರುತು ಹಾಕುತ್ತಾರೆ. ಎರಡನೆಯದು ಒಂದು ಎಣಿಕೆ: ಸರದಿ ಬಿಡಬಾರದ ಭಾಗಕ್ಕೆ ಹೋಗುವಾಗ ಒಂದು ಏರುತ್ತದೆ, ಹೊರಬರುವಾಗ ಇಳಿಯುತ್ತದೆ, ಅದು ಸೊನ್ನೆಯಲ್ಲದಿರುವಾಗ ಯಾರಾದರೂ ಸರದಿ ಬಿಟ್ಟರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಈ ಎಣಿಕೆ ಮೊದಲ ವಾರದಲ್ಲೇ ನನಗೆ ಗೊತ್ತಿಲ್ಲದ ನಾಲ್ಕು ಜಾಗಗಳನ್ನು ತೋರಿಸಿಕೊಟ್ಟಿತು.

ರಸ್ಟ್ ಮತ್ತು ಸಿ++20ರಲ್ಲಿ ಕೊರೂಟೀನ್ ಅವೇಟ್‌ನಂಥ ಗುರುತು ಬರೆಯದೆ ಸರದಿ ಬಿಡಲಾಗದು. ಆ ಗುರುತು ಕೋಡ್ ತುಂಬ ಹರಡುತ್ತದೆ ಎಂದು ಅನೇಕರು ದೂರುತ್ತಾರೆ. ಆ ಲಾಗ್ ಫಂಕ್ಷನ್‌ನ ನಂತರ ನನಗೆ ಆ ದೂರಿನಲ್ಲಿ ಪಾಲಿಲ್ಲ. ಗುರುತು ಹರಡುವುದೇ ನನಗೆ ಬೇಕಾಗಿದ್ದದ್ದು.

ಸರದಿ ಬಿಡಬೇಕಾದಲ್ಲಿ ಬಿಡದಿರುವುದೂ ಅಷ್ಟೇ ತೊಂದರೆ. ಒಂದು ದಿನ ಎಲ್ಲ ಸಂಪರ್ಕಗಳೂ ಒಟ್ಟಿಗೆ ಕೆಲವು ಸೆಕೆಂಡು ಸ್ತಬ್ಧವಾದವು. ಹೆಸರಿನಿಂದ ವಿಳಾಸ ಹುಡುಕುವ ಗೆಟ್‌ಆಡ್ರ್‌ಇನ್ಫೋ ಉತ್ತರಕ್ಕಾಗಿ ಇಡೀ ಥ್ರೆಡ್ಡನ್ನೇ ನಿಲ್ಲಿಸುತ್ತದೆ, ಹೆಸರಿನ ಸರ್ವರ್ ಸ್ಪಂದಿಸದಿದ್ದರೆ ಒಂದು ಪ್ರಯತ್ನಕ್ಕೆ ಸಾಮಾನ್ಯವಾಗಿ 5 ಸೆಕೆಂಡು. ಸಾಮಾನ್ಯ ಕಡತಗಳ ಓದೂ ಹೀಗೆಯೇ. ಅವನ್ನು ಇಪೋಲ್‌ಗೆ ಸೇರಿಸಲು ಹೋದರೆ ಕರ್ನಲ್ ನಿರಾಕರಿಸುತ್ತದೆ. ಇವೆರಡನ್ನೂ ಒಂದು ಸಣ್ಣ ಥ್ರೆಡ್ ಗುಂಪಿಗೆ ಒಪ್ಪಿಸಿ, ಮುಗಿದಾಗ ಇಪೋಲ್ ಗಮನಿಸಬಲ್ಲ ಈವೆಂಟ್‌ಎಫ್‌ಡಿ ಮೂಲಕ ಎಬ್ಬಿಸಿಕೊಳ್ಳುತ್ತೇನೆ. ಶೆಡ್ಯೂಲರ್ ಈಗ ಪ್ರತಿ ಕೊರೂಟೀನ್ ಎಷ್ಟು ಹೊತ್ತು ಓಡಿತು ಎಂದು ಅಳೆಯುತ್ತದೆ, 10 ಮಿಲಿಸೆಕೆಂಡ್ ಮೀರಿದರೆ ಅದರ ಹೆಸರು ಬರೆದಿಡುತ್ತದೆ.

ಕೊನೆಯದಾಗಿ ಮಾಡಿದ್ದು, ಮೊದಲೇ ಮಾಡಬೇಕಿದ್ದದ್ದು. ದೋಷ ಹುಡುಕುವ ಸಾಧನವಾದ ಜಿಡಿಬಿಯಲ್ಲಿ ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆದಿದೆ ಎಂಬ ಪಟ್ಟಿ) ಕೇಳಿದರೆ ಈ ಕ್ಷಣ ಓಡುತ್ತಿರುವ ಒಂದೇ ಕೊರೂಟೀನ್ ಕಾಣುತ್ತದೆ, ಮಲಗಿರುವ ನೂರಾರು ಕಾಣುವುದಿಲ್ಲ. ಎಲ್ಲವನ್ನೂ ಒಂದು ಪಟ್ಟಿಯಲ್ಲಿಟ್ಟು, ಸಿಗ್ನಲ್ ಬಂದಾಗ ಒಂದು ಧ್ವಜ ಮಾತ್ರ ಏರಿಸಿ, ಶೆಡ್ಯೂಲರ್ ಅದನ್ನು ಕಂಡಾಗ ಪ್ರತಿಯೊಂದರ ಹೆಸರು, ಅದು ಮಲಗಿದ ಸಾಲು, ಎಷ್ಟು ಹೊತ್ತಿನಿಂದ ಎಂಬುದನ್ನು ಮುದ್ರಿಸುವಂತೆ ಮಾಡಿದೆ. ಮೊದಲ ಸಲ ಮುದ್ರಿಸಿದಾಗ ಒಂದು ಕೊರೂಟೀನ್ ಹನ್ನೊಂದು ದಿನಗಳಿಂದ ಹೆಡರ್‌ಗಾಗಿ ಕಾಯುತ್ತಿತ್ತು. ಆ ಉಪಕರಣ ಎಂದೋ ವಿದ್ಯುತ್ ಕಳೆದುಕೊಂಡಿತ್ತು, ಸಂಪರ್ಕ ಮುರಿದ ಸುದ್ದಿ ನಮಗೆ ಬಂದೇ ಇರಲಿಲ್ಲ. ಅದರ ಸ್ಟ್ಯಾಕನ್ನು ಸುಮ್ಮನೆ ಬಿಡುಗಡೆ ಮಾಡುವಂತಿಲ್ಲ; ಅದು ತೆರೆದ ಕಡತ, ಹಿಡಿದ ಬಫರ್ ಎಲ್ಲವೂ ಅಲ್ಲೇ ಉಳಿಯುತ್ತವೆ. ಓದುವ ಫಂಕ್ಷನ್‌ಗೆ ಗಡುವು ಕೊಟ್ಟೆ. ಗಡುವು ಮೀರಿದರೆ ಅದು ದೋಷ ಸಂಕೇತದೊಂದಿಗೆ ಎಚ್ಚರಗೊಂಡು, ತಾನು ತೆರೆದದ್ದನ್ನೆಲ್ಲ ತಾನೇ ಮುಚ್ಚಿಕೊಂಡು ಹೊರನಡೆಯುತ್ತದೆ.