ರೆಂಡಿಟ್ಟ ಹೇಳದ ಲೆಕ್ಕ

ರಾಮನಗರದಲ್ಲಿ ನೂಲು ಬಿಚ್ಚಾಣಿಕೆ ಮಾಡುವವರು ಎದುರಾದರೆ ಮೊದಲು ಕೇಳುವುದು, ‘ರೆಂಡಿಟ್ಟ ಎಷ್ಟು ಬಂತು?’ ಒಂದು ಕಿಲೋ ಕಚ್ಚಾ ರೇಷ್ಮೆಗೆ ಎಷ್ಟು ಕಿಲೋ ಗೂಡು ಬೇಕಾಯಿತು ಎಂಬ ಲೆಕ್ಕ ಅದು. ಕಡಿಮೆ ಬಂದಷ್ಟೂ ಒಳ್ಳೆಯದು. ನಾನೂ ಬಹಳ ವರ್ಷ ಆ ಒಂದು ಅಂಕಿಯನ್ನೇ ನಂಬಿ ಘಟಕ ನಡೆಸಿದೆ.

ಒಮ್ಮೆ ಎರಡು ಲಾಟುಗಳು, ಅಂದರೆ ಒಟ್ಟಿಗೆ ಕೊಂಡ ಗೂಡಿನ ರಾಶಿಗಳು, ನನ್ನನ್ನು ಯೋಚನೆಗೆ ಹಚ್ಚಿದವು. ಒಂದು ಮಿಶ್ರತಳಿ ಹುಳುವಿನದು, ಇನ್ನೊಂದು ದ್ವಿತಳಿ ಹುಳುವಿನದು. ಮಿಶ್ರತಳಿ ಗೂಡಿಗೆ ರೆಂಡಿಟ್ಟ 8, ದ್ವಿತಳಿಗೆ 6.5. ದ್ವಿತಳಿಯ ದಿನ ಕೆಲಸ ಚೆನ್ನಾಗಿ ಆಯಿತೆಂದು ಸಂತೋಷಪಟ್ಟೆ. ಆದರೆ ಅದು ನಮ್ಮ ಕೈಚಳಕವೋ, ಗೂಡು ಬೆಳೆದ ರೈತನ ಶ್ರಮವೋ? ಅಂದಿನಿಂದ ಪ್ರತಿ ಲಾಟಿನಲ್ಲೂ 25 ಗೂಡು ಕತ್ತರಿಸಿ, ಒಳಗಿನ ಹುಳು ತೆಗೆದು, ಬರೀ ಚಿಪ್ಪನ್ನು ತೂಗತೊಡಗಿದೆ. ಮಿಶ್ರತಳಿಯಲ್ಲಿ ಚಿಪ್ಪು ನೂರಕ್ಕೆ 17 ಇದ್ದರೆ ದ್ವಿತಳಿಯಲ್ಲಿ 22. ಅಂದರೆ ನೂರು ಕಿಲೋ ಮಿಶ್ರತಳಿ ಗೂಡಿನಲ್ಲಿದ್ದ 17 ಕಿಲೋ ಚಿಪ್ಪಿನಿಂದ ನಾವು 12.5 ಕಿಲೋ ನೂಲು ತೆಗೆದಿದ್ದೆವು, ಶೇ 73.5. ದ್ವಿತಳಿಯಲ್ಲಿ 22 ಕಿಲೋದಿಂದ ಬಂದದ್ದು ಸುಮಾರು 15.4 ಕಿಲೋ, ಶೇ 70 ಮಾತ್ರ. ರೆಂಡಿಟ್ಟ ಹೊಗಳಿದ ದಿನವೇ ನಮ್ಮ ಬೇಸಿನ್‌ಗಳು, ಅಂದರೆ ಎಳೆ ಬಿಚ್ಚುವ ನೀರಿನ ತೊಟ್ಟಿಗಳು, ಹೆಚ್ಚು ರೇಷ್ಮೆ ಹಾಳು ಮಾಡಿದ್ದವು! ಗೂಡು ಬೇಯಿಸುವ ಹೊತ್ತನ್ನು ಎರಡೂ ತಳಿಗೆ ಒಂದೇ ಇಟ್ಟಿದ್ದೆ, ತಪ್ಪು ಅಲ್ಲಿತ್ತು. ಗೂಡನ್ನು ತೂಗುವ ಹೊತ್ತನ್ನೂ ಗೊತ್ತು ಮಾಡಿಕೊಳ್ಳಬೇಕಾಯಿತು. ಹಸಿ ಗೂಡಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಮಾರುಕಟ್ಟೆಯ ತೂಕವನ್ನು ಒಂದು ದಿನ, ಘಟಕದ ತೂಕವನ್ನು ಮತ್ತೊಂದು ದಿನ ಬರೆದುಕೊಂಡರೆ ಯಾವ ಹೋಲಿಕೆಯೂ ನಿಲ್ಲುವುದಿಲ್ಲ.

ಬೇಯಿಸುವುದನ್ನು ಸರಿಪಡಿಸಿದ ಮೇಲೆ ಕೆಲವು ತಿಂಗಳು ಶೇ 74ರಲ್ಲಿದ್ದೆವು. ಅದನ್ನು ಇನ್ನೂ ಏರಿಸುವ ಹುಮ್ಮಸ್ಸಿನಲ್ಲಿ, ಎಳೆ ಹಿಡಿಯುವಾಗ ತೆಗೆಯುವ ಮೇಲಿನ ಸಿಕ್ಕು ನಾರನ್ನು ಆದಷ್ಟು ಕಡಿಮೆ ತೆಗೆಯಿರಿ ಎಂದು ಬೇಸಿನ್ ಹೆಂಗಸರಿಗೆ ಹೇಳಿದೆ. ಶೇ 76 ಮುಟ್ಟಿತು. ಹೆಚ್ಚು ನೂಲು ತೆಗೆದವರಿಗೆ ಬಹುಮಾನವನ್ನೂ ಕೊಟ್ಟೆ.

ಮೂರನೇ ವಾರ, ನಮ್ಮ ನೂಲನ್ನು ತಿರುಚಿ ಹುರಿ ಮಾಡುವ ಘಟಕದವರ ಕರೆ ಬಂತು. ‘ಅಣ್ಣ, ಈ ಸಲದ ನೂಲು ನಿಲ್ಲುತ್ತಲೇ ಇಲ್ಲ. ಗಂಟು ಹಾಕಿ ಹಾಕಿ ಹುಡುಗರಿಗೆ ಸಾಕಾಗಿದೆ.’

ಹೋಗಿ ಒಂದು ಗಂಟೆ ನಿಂತು ನೋಡಿದೆ. ನಾವು ತೆಗೆಯದೆ ಬಿಟ್ಟ ಸಿಕ್ಕು ಅಲ್ಲಲ್ಲಿ ಉಬ್ಬಾಗಿ ನೂಲಿನಲ್ಲೇ ಕೂತಿತ್ತು. ಆ ಜಾಗ ಬಂದಾಗಲೆಲ್ಲ ಎಳೆ ಹರಿಯುತ್ತಿತ್ತು. ಮೊದಲು ಅವರ ಕೈಗೆ ಕೊಟ್ಟ ನೂಲಿನಲ್ಲಿ ಶೇ 97 ಹುರಿಯಾಗಿ ಹೊರಬರುತ್ತಿತ್ತು, ಈಗ 93. ಅಲ್ಲೇ ಕಾಗದದ ಮೇಲೆ ಗುಣಿಸಿದೆ. ಹಿಂದೆ 0.74 ಇಂಟು 0.97, ಅಂದರೆ ಸುಮಾರು 0.718. ಈಗ 0.76 ಇಂಟು 0.93, ಸುಮಾರು 0.707. ನನ್ನ ಪುಸ್ತಕದಲ್ಲಿ ಎರಡು ಅಂಶ ಲಾಭ. ಚಿಪ್ಪಿನಿಂದ ಹುರಿಯವರೆಗೆ ನೋಡಿದರೆ ಒಂದು ಅಂಶ ನಷ್ಟ. ಯಂತ್ರ ನಿಂತ ಹೊತ್ತು, ಹುಡುಗರ ಬೆರಳಿನ ದಣಿವು ಈ ಲೆಕ್ಕಕ್ಕೆ ಸೇರಿಯೇ ಇಲ್ಲ. ಅವರ ಮುಂದೆ ನಿಂತು ನನಗೆ ನಿಜಕ್ಕೂ ನಾಚಿಕೆಯಾಯಿತು.

ಎಂ.ಬಿ.ಎ. ಓದುತ್ತಿರುವ ಅಣ್ಣನ ಮಗಳಿಗೆ ಇದನ್ನು ಹೇಳಿದಾಗ, ದಕ್ಷತೆ ಅಳೆಯುವ ಶಾಸ್ತ್ರದಲ್ಲೂ ಇದೇ ದಾರಿ ನಡೆದಿದೆ ಎಂದಳು. 1978ರಲ್ಲಿ ಚಾರ್ನ್ಸ್, ಕೂಪರ್, ರೋಡ್ಸ್ ಎಂಬ ಮೂವರು ಒಂದೇ ಬಗೆಯ ಘಟಕಗಳನ್ನು ಅವುಗಳಲ್ಲೇ ಉತ್ತಮವಾದವುಗಳ ಜೊತೆ ಹೋಲಿಸುವ ವಿಧಾನ ಕೊಟ್ಟರಂತೆ. ಒಳಗೆ ಹಾಕಿದ್ದೆಷ್ಟು, ಹೊರಗೆ ಬಂದದ್ದೆಷ್ಟು, ಅಷ್ಟೇ ನೋಟ. ನಡುವಿನ ಹಂತಗಳನ್ನು ಬಿಡಿಸಿ ನೋಡುವ ಮಾದರಿಗಳು ಆಮೇಲೆ ಬಂದವು. ನನಗೆ ಅದರಿಂದ ಸಿಕ್ಕ ಉಪಯೋಗ ಒಂದು: ಈಗ ಮಿಶ್ರತಳಿ ಲಾಟನ್ನು ನಮ್ಮದೇ ಒಳ್ಳೆಯ ಮಿಶ್ರತಳಿ ಲಾಟಿನ ಜೊತೆ ಮಾತ್ರ ಹೋಲಿಸುತ್ತೇನೆ.

ನೂಲಿನ ಪ್ರತಿ ಲಡಿಗೂ, ಅಂದರೆ ಸುತ್ತಿದ ಕಟ್ಟಿಗೂ, ಲಾಟು ಸಂಖ್ಯೆ, ಬೇಸಿನ್ ಸಂಖ್ಯೆ ಬರೆದ ಚೀಟಿ ಕಟ್ಟುತ್ತೇವೆ. ಹುರಿ ಘಟಕದವರು ಎಷ್ಟು ಸಲ ಹರಿಯಿತು ಎಂದು ಅದರಲ್ಲೇ ಗೀರು ಹಾಕಿ ವಾಪಸು ಕಳುಹಿಸುತ್ತಾರೆ. ಬಹುಮಾನದ ಅರ್ಧ ನೂಲಿನ ತೂಕಕ್ಕೆ, ಉಳಿದರ್ಧ ಆ ಚೀಟಿ ಬಂದ ಮೇಲೆ. ಬಣ್ಣ ಹಾಕುವ ಮುನ್ನ ರೇಷ್ಮೆಯಲ್ಲಿ ಸಹಜವಾಗಿಯೇ ಇರುವ ಗೋಂದು ತೆಗೆಯುವಾಗ ತೂಕದ ಸುಮಾರು ಕಾಲು ಭಾಗ ಹೋಗುತ್ತದೆ. ಆ ಹಂತಕ್ಕೆ ಇನ್ನೂ ಚೀಟಿ ತಲುಪಿಲ್ಲ. ಬಣ್ಣದವರ ಬಳಿ ಮುಂದಿನ ವಾರ ಹೋಗುತ್ತೇನೆ. ಶನಿವಾರ ಚೀಟಿಗಳ ಕಟ್ಟು ಬಂದೊಡನೆ ಬೇಸಿನ್ ಹೆಂಗಸರು ಕೈ ಒರೆಸಿಕೊಂಡು ಬರುತ್ತಾರೆ, ತಮ್ಮ ನೂಲಿನ ಗೀರುಗಳನ್ನು ತಾವೇ ಎಣಿಸಲು.